ಪುಟ ಕತ್ತರಿಸುವ ಕೆಲಸ ಯಾರದು?

ಕಾಲೇಜೊಂದರ ಹಳೆಯ ವೆಬ್‌ಸೈಟನ್ನು ಹೊಸದಾಗಿ ಕಟ್ಟಿಕೊಡುವ ಕೆಲಸ ಒಬ್ಬಳ ಪಾಲಿಗೆ ಬಂದಿದೆ. 2000ದ ಆಸುಪಾಸಿನಲ್ಲಿ ಅದನ್ನು ಮೊದಲು ಕಟ್ಟಿದವರು ಅವಳ ಚಿಕ್ಕಪ್ಪ. ಒಂದೇ ಲ್ಯಾಪ್‌ಟಾಪಿನ ಮುಂದೆ ಕೂತು ಇಬ್ಬರೂ ಆಡಿದ ಮಾತು ಇದು.

ಮಗಳು: ಚಿಕ್ಕಪ್ಪ, ಈ ಸೈಟಿನ ಇಂಡೆಕ್ಸ್ ಫೈಲ್ ತೆಗೆದು ನೋಡಿದೆ. ಒಳಗೆ ಏನೂ ಇಲ್ವಲ್ಲ! ಒಂದು ಪ್ಯಾರಾ ಇಲ್ಲ, ಒಂದು ಚಿತ್ರ ಇಲ್ಲ. ಹತ್ತು ಹನ್ನೆರಡು ಸಾಲು ಕೋಡ್, ಅಲ್ಲಿಗೆ ಮುಗೀತು.

ಚಿಕ್ಕಪ್ಪ: ಇರಬಾರದು ಕಣಮ್ಮ. ಅದು ಫ್ರೇಮ್‌ಸೆಟ್. ಪರದೆಯನ್ನ ಹೇಗೆ ಭಾಗ ಮಾಡಬೇಕು, ಯಾವ ಭಾಗದಲ್ಲಿ ಯಾವ ಫೈಲ್ ಕೂರಬೇಕು ಅಂತ ಹೇಳೋದಷ್ಟೇ ಅದರ ಕೆಲಸ. ನೋಡು, ಮೇಲೆ 64 ಪಿಕ್ಸೆಲ್ ಎತ್ತರದ ಪಟ್ಟಿ, ಕಾಲೇಜಿನ ಹೆಸರು, ಲಾಂಛನ ಅಲ್ಲಿ. ಎಡಕ್ಕೆ 150 ಪಿಕ್ಸೆಲ್ ಅಗಲ, ಅಲ್ಲಿ ವಿಭಾಗಗಳ ಪಟ್ಟಿ. ಮಿಕ್ಕ ಜಾಗಕ್ಕೆ ಒಂದು ನಕ್ಷತ್ರದ ಗುರುತು. ಉಳಿದದ್ದೆಲ್ಲ ನಿಂದೇ ಅಂತ ಅದರ ಅರ್ಥ. ಓದೋ ವಿಷಯ ಬರೋದು ಅಲ್ಲಿ.

ಮಗಳು: ಅಂದ್ರೆ ನೋಡೋರ ಕಣ್ಣಿಗೆ ಒಂದು ಪುಟ, ಸರ್ವರಿನಲ್ಲಿ ನಾಲ್ಕು ಫೈಲು.

ಚಿಕ್ಕಪ್ಪ: ನಾಲ್ಕು. ಅದೂ ಕೈಯಲ್ಲಿ ಬರೆದಿದ್ದಲ್ಲ, ಪುಟ ಕಟ್ಟೋ ತಂತ್ರಾಂಶವಾದ ಫ್ರಂಟ್‌ಪೇಜ್ 2000ದಲ್ಲಿ ಮಾಡಿದ್ದು. ಹೊಸ ಪುಟ ಬೇಕು ಅಂತ ಕೇಳಿದ್ರೆ ಒಂದು ಕಿಟಕಿ ತೆರೀತಿತ್ತು, ಅದರಲ್ಲಿ ‘ಫ್ರೇಮ್ಸ್ ಪೇಜಸ್’ ಅನ್ನೋ ಟ್ಯಾಬ್. ಬ್ಯಾನರ್ ಆಂಡ್ ಕಂಟೆಂಟ್ಸ್, ಹೆಡರ್, ಫುಟರ್, ಫುಟ್‌ನೋಟ್ಸ್, ನೆಸ್ಟೆಡ್ ಹೈರಾರ್ಕಿ, ಹೀಗೆ ಸಿದ್ಧ ಮಾದರಿಗಳು ಸಾಲಾಗಿ ಇರ್ತಿದ್ವು. ಒಂದನ್ನ ಆರಿಸಿದ್ರೆ ಪುಟ ಖಾಲಿ ಖಾನೆಗಳಾಗಿ ಎದುರಿಗೆ ಬರೋದು. ಪ್ರತಿ ಖಾನೆಯಲ್ಲೂ ಎರಡು ಗುಂಡಿ: ‘ಸೆಟ್ ಇನಿಷಿಯಲ್ ಪೇಜ್’, ‘ನ್ಯೂ ಪೇಜ್’. ಇರೋ ಫೈಲನ್ನ ತಂದು ಕೂರಿಸು, ಇಲ್ಲಾಂದ್ರೆ ಅಲ್ಲೇ ಹೊಸದು ಬರಿ. ಗೆರೆ ಹಿಡಿದು ಎಳೆದ್ರೆ ಅಗಲ ಬದಲಾಗೋದು. ಕಂಟ್ರೋಲ್ ಕೀಲಿ ಒತ್ತಿಕೊಂಡು ಎಳೆದ್ರೆ ಒಂದು ಖಾನೆ ಎರಡಾಗೋದು.

ಮಗಳು: ಕೇಳಿದ್ರೆ ಸುಲಭ ಅನ್ಸುತ್ತೆ.

ಚಿಕ್ಕಪ್ಪ: ಎಳೆಯೋದು ಸುಲಭವೇ. ಕಷ್ಟ ಇದ್ದದ್ದು ಸೇವ್ ಮಾಡೋವಾಗ. ಒಂದು ಸಲ ಸೇವ್ ಒತ್ತಿದ್ರೆ ಒಂದಾದ ಮೇಲೊಂದು ನಾಲ್ಕು ಹೆಸರು ಕೇಳೋದು. ಪಕ್ಕದಲ್ಲಿ ಪುಟದ್ದೇ ಒಂದು ಪುಟ್ಟ ನಕ್ಷೆ, ಈಗ ಯಾವ ಖಾನೆಗೆ ಹೆಸರು ಕೇಳ್ತಿದೆಯೋ ಅದು ಮಾತ್ರ ಗಾಢ ನೀಲಿ. ಇಡೀ ನಕ್ಷೆ ನೀಲಿ ಸುತ್ತಿಕೊಂಡ್ರೆ ಈಗ ಫ್ರೇಮ್‌ಸೆಟ್‌ನ ಸರದಿ ಅಂತ. ನಕ್ಷೆ ಕಡೆ ಕಣ್ಣೇ ಹಾಯಿಸದೆ ಪಟಪಟ ಎಂಟರ್ ಒತ್ತಿದವರ ಸೈಟಿನಲ್ಲಿ ಬ್ಯಾನರಿನ ಹೆಸರು ಮೆನುವಿಗೆ, ಮೆನುವಿನ ಹೆಸರು ಮುಖಪುಟಕ್ಕೆ. ಆಮೇಲೆ ಬಿಡಿಸಿಕೊಳ್ಳೋ ಹೊತ್ತಿಗೆ ಸಾಕುಸಾಕಾಗೋದು.

ಮಗಳು: ಅಷ್ಟು ಪಾಡು ಪಡೋ ಬದಲು ಎಲ್ಲಾನೂ ಒಂದೇ ಪುಟದಲ್ಲಿ ಬರೆದಿದ್ರೆ ಏನಾಗ್ತಿತ್ತು?

ಚಿಕ್ಕಪ್ಪ: ಈ ಸೈಟಿನಲ್ಲಿ ಅರವತ್ತು ಚಿಲ್ಲರೆ ಪುಟ ಇದೆ. ಪ್ರತಿ ಪುಟದಲ್ಲೂ ಅದೇ ಮೆನು ಬರೆದಿದ್ದೀಯ ಅಂತಿಟ್ಕೋ. ನಾಳೆ ಪ್ರಿನ್ಸಿಪಾಲರು ಬಂದು, ಪ್ಲೇಸ್‌ಮೆಂಟ್ ಸೆಲ್ ಶುರು ಮಾಡಿದ್ದೀವಿ, ಮೆನುವಿನಲ್ಲಿ ಹಾಕಿ ಅಂತಾರೆ. ಅರವತ್ತು ಫೈಲ್ ತೆಗಿ, ಅರವತ್ತು ಸಲ ಅದೇ ಸಾಲು ಸೇರಿಸು, ಅರವತ್ತನ್ನೂ ಮೋಡೆಮ್ ಮೇಲೆ ಸರ್ವರಿಗೆ ಏರಿಸು. ನಡುವೆ ಲೈನ್ ಕಟ್ಟಾದ್ರೆ ಯಾವುದು ಹೋಯ್ತು, ಯಾವುದು ಉಳೀತು ಅಂತ ಎಣಿಸ್ಕೊಂಡು ಕೂತಿರು. ಫ್ರೇಮಿದ್ರೆ? ಮೆನು ಅನ್ನೋದು ಒಂದೇ ಫೈಲು, ನಾಲ್ಕು ಕೆಬಿ ತೂಕದ್ದು. ಅದನ್ನೊಂದು ತಿದ್ದಿ ಏರಿಸಿದ್ರೆ ಇಡೀ ಸೈಟು ಬದಲಾಯ್ತು.

ಮಗಳು: ಇನ್‌ಕ್ಲೂಡ್ ಇರಲಿಲ್ವಾ? ಒಂದು ಕಡೆ ಬರೆದು ಎಲ್ಲಾ ಪುಟಕ್ಕೂ ಸೇರಿಸೋದು?

ಚಿಕ್ಕಪ್ಪ: ಅದೇ ತಮಾಷೆ. ಅದೇ ಫ್ರಂಟ್‌ಪೇಜಿನಲ್ಲಿ ಇತ್ತು! ‘ಇನ್‌ಕ್ಲೂಡ್ ಪೇಜ್’ ಅಂತ ಒಂದು, ‘ಶೇರ್ಡ್ ಬಾರ್ಡರ್ಸ್’ ಅಂತ ಇನ್ನೊಂದು. ಮೆನುವನ್ನ ಒಂದು ಕಡೆ ಇಟ್ಟಿದ್ರೆ ಸೇವ್ ಮಾಡೋವಾಗ ಅದನ್ನ ಪ್ರತಿ ಪುಟದ ಒಳಗೂ ಸೇರಿಸಿಬಿಡೋದು. ಆದ್ರೆ ಸೇರಿಸಿದ ಮೇಲೆ ಅರವತ್ತು ಪುಟವೂ ಬದಲಾದ ಹಾಗೇ ತಾನೇ? ಅರವತ್ತನ್ನೂ ಮತ್ತೆ ಏರಿಸಬೇಕು. ಸರ್ವರಿನಲ್ಲಿ ಫ್ರಂಟ್‌ಪೇಜ್ ಎಕ್ಸ್‌ಟೆನ್ಶನ್ ಹಾಕಿದ್ರೆ ಆ ಕೆಲಸ ಅಲ್ಲೇ ಆಗೋದು, ಆದ್ರೆ ಅಗ್ಗದ ಹೋಸ್ಟಿಂಗಿನಲ್ಲಿ ಅದೆಲ್ಲಿ ಸಿಗಬೇಕು? ಹಾಗಾಗಿ ಪುಟ ಜೋಡಿಸೋ ಕೆಲಸವನ್ನ ನಾವು ಮಾಡದೆ ಓದೋರ ಬ್ರೌಸರಿಗೇ ಒಪ್ಪಿಸಿದ್ವಿ. ಫ್ರೇಮ್ ಅಂದ್ರೆ ಇಷ್ಟೇ.

ಮಗಳು: ಓದೋರಿಗೆ ಅದರಿಂದ ಏನು ಲಾಭ?

ಚಿಕ್ಕಪ್ಪ: ಬೇಗ ಬರೋದು. 28.8 ಕಿಲೋಬಿಟ್ ಮೋಡೆಮ್ ಅಂದ್ರೆ ಸೆಕೆಂಡಿಗೆ ಹೆಚ್ಚೆಂದ್ರೆ ಮೂರೂವರೆ ಕೆಬಿ. ಮೂವತ್ತು ಕೆಬಿ ಬ್ಯಾನರ್ ಬರೋಕೆ ಎಂಟೊಂಬತ್ತು ಸೆಕೆಂಡು. ಅದು ಪ್ರತಿ ಪುಟಕ್ಕೂ...

ಮಗಳು: ಅಲ್ಲಿ ನಿಲ್ಲಿ. ಬ್ಯಾನರ್ ಒಂದು ಸಲ ಬಂದ ಮೇಲೆ ಬ್ರೌಸರಿನ ಕ್ಯಾಶಿನಲ್ಲಿ ಇರುತ್ತೆ. ಆಗಲೂ ಇರ್ತಿತ್ತು. ಎರಡನೇ ಪುಟಕ್ಕೆ ಅದನ್ನ ಮತ್ತೆ ತರಿಸೋ ಪ್ರಶ್ನೆಯೇ ಇಲ್ಲ.

ಚಿಕ್ಕಪ್ಪ: ಚಿತ್ರದ ಮಟ್ಟಿಗೆ ನಿನ್ನ ಮಾತು ಸರಿ. ಆದ್ರೆ ಆಗ ಫ್ರೇಮ್ ಬೇಡ ಅಂದವರು ಪುಟ ಹಂಚ್ತಿದ್ದದ್ದು ಟೇಬಲಿನಲ್ಲಿ. ಇಡೀ ಪುಟಕ್ಕೆ ಒಂದು ದೊಡ್ಡ ಟೇಬಲ್ಲು, ಎಡಗಡೆ ಖಾನೆಯಲ್ಲಿ ಮೆನು, ಬಲಗಡೆ ವಿಷಯ. ನೆಟ್‌ಸ್ಕೇಪ್ ಮುಂತಾದ ಬ್ರೌಸರುಗಳು ಟೇಬಲ್ ಪೂರ್ತಿ ಬರೋ ತನಕ ಅದನ್ನ ಬಿಡಿಸ್ತಾ ಇರಲಿಲ್ಲ. ಒತ್ತಿದ ಕೂಡಲೇ ಪರದೆ ಬೆಳ್ಳಗಾಗಿ ಖಾಲಿ ನಿಲ್ಲೋದು. ಫ್ರೇಮಿನಲ್ಲಿ ಮೆನು ಕದಲ್ತಾ ಇರಲಿಲ್ಲ, ಬ್ಯಾನರ್ ಕದಲ್ತಾ ಇರಲಿಲ್ಲ, ನಡುವಿನ ಖಾನೆ ಮಾತ್ರ ಬದಲಾಗೋದು. ನೋಡೋರಿಗೆ ತಾವು ಎಲ್ಲಿದ್ದೀವಿ ಅನ್ನೋ ಗುರುತು ತಪ್ತಾ ಇರಲಿಲ್ಲ.

ಮಗಳು: ಗುರುತು ತಪ್ತಾ ಇರಲಿಲ್ಲ ಅನ್ನೋ ಮಾತು ನೆನಪಿಟ್ಟುಕೊಳ್ಳಿ, ಅಲ್ಲಿಗೇ ಬರ್ತೀನಿ. ಮೊದಲು ಹೇಳಿ, ಇದನ್ನ ಶುರು ಮಾಡಿದ್ದು ಯಾರು?

ಚಿಕ್ಕಪ್ಪ: ನೆಟ್‌ಸ್ಕೇಪ್. 1996ರಲ್ಲಿ ಬಂದ ನ್ಯಾವಿಗೇಟರ್ 2.0, ಜಾವಾಸ್ಕ್ರಿಪ್ಟ್ ಬಂದದ್ದೂ ಅದರಲ್ಲೇ. ಅದೇ ವರ್ಷ ಮೈಕ್ರೋಸಾಫ್ಟಿನವರು ಇಂಟರ್‌ನೆಟ್ ಎಕ್ಸ್‌ಪ್ಲೋರರ್ 3ರಲ್ಲಿ ಐಫ್ರೇಮ್ ತಂದ್ರು, ಪುಟದ ನಡುವೆ ಎಲ್ಲಿ ಬೇಕಾದ್ರೂ ಕೂರೋ ಖಾನೆ. ಫ್ರಂಟ್‌ಪೇಜೂ ಮೂಲದಲ್ಲಿ ಮೈಕ್ರೋಸಾಫ್ಟಿನದಲ್ಲ. ವರ್ಮೀರ್ ಅನ್ನೋ ಸಣ್ಣ ಕಂಪನಿ 1995ರಲ್ಲಿ ತಂದದ್ದು. 1996ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಆ ಕಂಪನಿಯನ್ನೇ ಕೊಂಡುಕೊಂಡಿತು. ಫ್ರೇಮ್ ಅಧಿಕೃತ ಮಾನದಂಡಕ್ಕೆ ಸೇರಿದ್ದು ಆಮೇಲೆ, 1997ರ ಡಿಸೆಂಬರಿನಲ್ಲಿ, ಎಚ್‌ಟಿಎಂಎಲ್ 4.0 ಬಂದಾಗ. ಅಷ್ಟರಲ್ಲಿ ಊರಿನ ಸೈಟೆಲ್ಲ ಫ್ರೇಮಾಗಿತ್ತು.

ಮಗಳು: ಬೈಯೋದೂ ಅಷ್ಟರಲ್ಲೇ ಶುರುವಾಗಿತ್ತಂತೆ. ವೆಬ್ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ 1996ರ ಡಿಸೆಂಬರಿನಲ್ಲೇ ಫ್ರೇಮ್ ವಿರುದ್ಧ ಬರೆದಿದ್ದಾರೆ. ಅವರ ವಾದ ನನಗೆ ಹಿಡಿಸ್ತು. ವೆಬ್ಬಿನಲ್ಲಿ ಪುಟ ಅಂದ್ರೆ ನೀವು ನೋಡೋದೂ ಅದೇ, ಒಂದರಿಂದ ಇನ್ನೊಂದಕ್ಕೆ ಹೋಗೋದೂ ಅದೇ, ವಿಳಾಸ ಇರೋದೂ ಅದಕ್ಕೇ. ಮೂರೂ ಒಂದೇ ಆಗಿತ್ತು. ಫ್ರೇಮ್ ಬಂದು ಮೂರನ್ನೂ ಬೇರೆ ಬೇರೆ ಮಾಡಿಬಿಡ್ತು.

ಚಿಕ್ಕಪ್ಪ: ಈ ಸೈಟಿನಲ್ಲೇ ತೋರಿಸಿ ಹೇಳು.

ಮಗಳು: ತೋರಿಸ್ತೀನಿ. ಮೆನುವಿನಲ್ಲಿ ಸಿವಿಲ್ ವಿಭಾಗ ಒತ್ತಿದೆ. ಅಲ್ಲಿಂದ ಐದನೇ ಸೆಮಿಸ್ಟರ್, ಅಲ್ಲಿಂದ ಸಿಲಬಸ್. ಈಗ ಮೇಲೆ ವಿಳಾಸದ ಪಟ್ಟಿ ನೋಡಿ. ಇನ್ನೂ ಕಾಲೇಜಿನ ಮುಖಪುಟದ ವಿಳಾಸವೇ ಇದೆ. ನಾನು ಇದನ್ನ ಕಾಪಿ ಮಾಡಿ ಗೆಳತಿಗೆ ಕಳಿಸಿ, ಸಿಲಬಸ್ ಇಲ್ಲಿದೆ ನೋಡೇ ಅಂದ್ರೆ, ಅವಳಿಗೆ ಕಾಣೋದು ಪ್ರಿನ್ಸಿಪಾಲರ ಸ್ವಾಗತ ಭಾಷಣ. ಬುಕ್‌ಮಾರ್ಕ್ ಮಾಡಿದ್ರೂ ಅಷ್ಟೇ. ರಿಫ್ರೆಶ್ ಒತ್ತಿದ್ರೆ ಎಷ್ಟೋ ಸಲ ಮತ್ತೆ ಸ್ವಾಗತ ಭಾಷಣ.

ಚಿಕ್ಕಪ್ಪ: ಬ್ಯಾಕ್ ಗುಂಡಿಯ ಕತೆ ಇನ್ನೂ ಚೆನ್ನಾಗಿತ್ತು. ನೆಟ್‌ಸ್ಕೇಪ್ 2ರಲ್ಲಿ ಫ್ರೇಮಿನ ಒಳಗೆ ಎಷ್ಟು ಪುಟ ಸುತ್ತಿದ್ರೂ ಸರಿ, ಒಂದು ಸಲ ಬ್ಯಾಕ್ ಒತ್ತಿದ್ರೆ ನೇರ ಸೈಟಿನಿಂದಲೇ ಆಚೆ. ನೆಟ್‌ಸ್ಕೇಪ್ 3ರಲ್ಲಿ ಅದನ್ನ ಸರಿ ಮಾಡಿದ್ರು. ಪ್ರಿಂಟೂ ಹಾಗೇ. ಯಾವ ಖಾನೆಯಲ್ಲಿ ಕೊನೆಗೆ ಕ್ಲಿಕ್ ಮಾಡಿದ್ದೀಯೋ ಅದು ಅಚ್ಚಾಗೋದು. ಟೈಮ್‌ಟೇಬಲ್ ಬೇಕು ಅಂತ ಪ್ರಿಂಟ್ ಕೊಟ್ಟ ಹುಡುಗನ ಕೈಗೆ ಬರೀ ಮೆನು ಅಚ್ಚಾದ ಹಾಳೆ. ಕಡೆಗೆ ಎಕ್ಸ್‌ಪ್ಲೋರರಿನವರು ಪ್ರಿಂಟ್ ಕಿಟಕಿಯಲ್ಲೇ ಕೇಳೋಕೆ ಶುರು ಮಾಡಿದ್ರು: ಪರದೆ ಮೇಲೆ ಕಾಣೋ ಹಾಗಾ, ಆರಿಸಿದ ಫ್ರೇಮ್ ಒಂದೇನಾ, ಎಲ್ಲಾ ಫ್ರೇಮ್ ಬಿಡಿಬಿಡಿಯಾಗಾ?

ಮಗಳು: ನೋಡಿ, ಓದೋರು ಕೇಳಿದ್ದು ಒಂದು ಹಾಳೆ. ಅವರಿಗೆ ಉತ್ತರ ಹೇಳಬೇಕಾದ ಪ್ರಶ್ನೆ ಮೂರು. ನಿಮ್ಮ ನಾಲ್ಕು ಫೈಲಿನ ಲೆಕ್ಕಾಚಾರ ಅವರಿಗೆ ಯಾಕೆ ಬೇಕು?

ಚಿಕ್ಕಪ್ಪ: ಅದಕ್ಕೇ ನಾವು ಹಿಂದಿನಿಂದ ತೇಪೆ ಹಾಕ್ತಿದ್ವಿ. ಟಾರ್ಗೆಟ್ ಅನ್ನೋದು ಅಂಥ ತೇಪೆಗಳಲ್ಲಿ ದೊಡ್ಡದು. ಪ್ರತಿ ಖಾನೆಗೂ ಒಂದು ಹೆಸರು: ಬ್ಯಾನರ್, ಕಂಟೆಂಟ್ಸ್, ಮೇನ್. ಮೆನು ಫೈಲಿನ ತಲೆಯಲ್ಲಿ ‘ಬೇಸ್ ಟಾರ್ಗೆಟ್ ಮೇನ್’ ಅಂತ ಒಂದು ಸಾಲು ಹಾಕಿದ್ರೆ, ಮೆನುವಿನಲ್ಲಿ ಏನು ಒತ್ತಿದ್ರೂ ತೆರೆಯೋದು ಬಲಗಡೆ ಖಾನೆಯಲ್ಲಿ. ಮಾದರಿ ಆರಿಸಿದ್ರೆ ಫ್ರಂಟ್‌ಪೇಜ್ ಆ ಸಾಲನ್ನ ತಾನೇ ಹಾಕೋದು. ಆದ್ರೆ ಹಳೇ ಪುಟ ತಂದು ಮೆನುವಿನ ಜಾಗಕ್ಕೆ ಕೂರಿಸಿದ್ರೆ ಆ ಸಾಲು ಇರ್ತಾ ಇರಲಿಲ್ಲ. ಆಗ 150 ಪಿಕ್ಸೆಲ್ ಅಗಲದ ಎಡ ಖಾನೆಯಲ್ಲೇ ಇಡೀ ಪುಟ ಮುದುರಿಕೊಂಡು ತೆರೆಯೋದು.

ಮಗಳು: ‘ಮುಖಪುಟಕ್ಕೆ ಹಿಂತಿರುಗಿ’ ಅನ್ನೋ ಲಿಂಕು?

ಚಿಕ್ಕಪ್ಪ: ಅದಕ್ಕೆ ‘ಅಂಡರ್‌ಸ್ಕೋರ್ ಟಾಪ್’ ಅಂತ ಟಾರ್ಗೆಟ್ ಕೊಡಬೇಕಿತ್ತು. ಖಾನೆಯನ್ನೆಲ್ಲ ತೆಗೆದು ಪೂರ್ತಿ ಕಿಟಕಿಯಲ್ಲಿ ತೆರಿ ಅಂತ. ಮರೆತ್ರೆ ಬಲಗಡೆ ಖಾನೆಯೊಳಗೆ ಇಡೀ ಸೈಟು ಮತ್ತೆ ತೆರೆಯೋದು: ಬ್ಯಾನರಿನ ಕೆಳಗೆ ಬ್ಯಾನರು, ಮೆನುವಿನ ಪಕ್ಕದಲ್ಲಿ ಮೆನು. ಇನ್ನೊಂದು ಸಲ ಒತ್ತಿದ್ರೆ ಅದರೊಳಗೆ ಮತ್ತೊಂದು. ಬೇರೆಯವರ ಸೈಟಿಗೆ ಲಿಂಕ್ ಕೊಡೋವಾಗಲೂ ಇದೇ. ‘ಅಂಡರ್‌ಸ್ಕೋರ್ ಟಾಪ್’ ಇಲ್ಲದಿದ್ರೆ ಅವರ ಸೈಟು ನಮ್ಮ ಲಾಂಛನದ ಕೆಳಗೆ ಬಂದು ಕೂರೋದು.

ಮಗಳು: ಬೇಕಂತಲೇ ಹಾಗೆ ಕೂರಿಸಿದವರೂ ಇದ್ರಲ್ಲ. ಅಮೆರಿಕದ ಟೋಟಲ್‌ನ್ಯೂಸ್ ಮೊಕದ್ದಮೆ ನಮಗೆ ಸೈಬರ್ ಕಾನೂನಿನ ಪಾಠದಲ್ಲಿತ್ತು. ಬೇರೆ ಪತ್ರಿಕೆಗಳ ಸುದ್ದಿಯನ್ನ ತನ್ನ ಫ್ರೇಮಿನ ನಡುವಿನ ಖಾನೆಯಲ್ಲಿ ತೋರಿಸಿ, ಸುತ್ತ ತನ್ನ ಹೆಸರು, ತನ್ನ ಜಾಹೀರಾತು ಹಾಕ್ಕೊಂಡಿತ್ತು. 1997ರಲ್ಲಿ ವಾಷಿಂಗ್ಟನ್ ಪೋಸ್ಟ್, ಸಿಎನ್‌ಎನ್, ರಾಯಿಟರ್ಸ್ ಎಲ್ಲ ಸೇರಿ ಕೋರ್ಟಿಗೆ ಹೋದ್ರು.

ಚಿಕ್ಕಪ್ಪ: ತೀರ್ಪು ಬರಲಿಲ್ಲ ಅಲ್ವಾ? ರಾಜಿಯಾಯ್ತು ಅಂತ ಓದಿದ ನೆನಪು.

ಮಗಳು: ಅದೇ ವರ್ಷ ರಾಜಿ. ಲಿಂಕ್ ಕೊಡಬಹುದು, ಫ್ರೇಮಿನಲ್ಲಿ ಕೂರಿಸೋ ಹಾಗಿಲ್ಲ ಅಂತ ಟೋಟಲ್‌ನ್ಯೂಸ್ ಒಪ್ಪಿಕೊಳ್ತು. ಅಲ್ಲೂ ಜಗಳದ ಬೇರು ವಿಳಾಸವೇ. ಬರೆದದ್ದು ಒಬ್ಬರು, ಮೇಲೆ ಕಾಣ್ತಿದ್ದ ವಿಳಾಸ ಇನ್ನೊಬ್ಬರದು.

ಚಿಕ್ಕಪ್ಪ: ಸರ್ಚ್ ಎಂಜಿನ್ನಿನಿಂದ ಉಲ್ಟಾ ತೊಂದರೆ. ಮೇಲೆ ವಿಳಾಸ ಕಾಣದ ಒಳಪುಟಗಳನ್ನ ಅದು ಹುಡುಕಿ ತೆಗೆಯೋದು. ಸಿಲಬಸ್ ಅಂತ ಹುಡುಕಿದವರು ನೇರವಾಗಿ ಸಿಲಬಸ್ ಫೈಲಿಗೇ ಬಂದಿಳಿಯೋರು. ಮೆನು ಇಲ್ಲ, ಬ್ಯಾನರ್ ಇಲ್ಲ, ಯಾವ ಕಾಲೇಜು ಅಂತಲೂ ತಿಳಿಯಲ್ಲ. ಅದಕ್ಕೂ ಒಂದು ತೇಪೆ: ಪ್ರತಿ ಒಳಪುಟದಲ್ಲೂ ಒಂದು ಸಾಲು ಜಾವಾಸ್ಕ್ರಿಪ್ಟ್. ನೀನು ಫ್ರೇಮಿನ ಒಳಗಿಲ್ಲ ಅಂದ್ರೆ ಕೂಡಲೇ ಮುಖಪುಟಕ್ಕೆ ಹೋಗು ಅಂತ.

ಮಗಳು: ಅಂದ್ರೆ ಸಿಲಬಸ್ ಹುಡುಕಿ ಬಂದವನಿಗೆ ಮತ್ತೆ ಸ್ವಾಗತ ಭಾಷಣ! ಗಮ್ಮತ್ತು ಏನು ಗೊತ್ತಾ? ಟೋಟಲ್‌ನ್ಯೂಸ್ ಥರದವರ ಕಾಟ ತಾಳಲಾರದೆ ಬೇರೆ ಸೈಟಿನವರು ಬರೆದ ಸಾಲೂ ಹೆಚ್ಚು ಕಮ್ಮಿ ಇದೇ. ನೀನು ಯಾರದೋ ಫ್ರೇಮಿನ ಒಳಗಿದ್ರೆ ಕೂಡಲೇ ಹೊರಗೆ ಬಾ ಅಂತ. ಪುಟ ಕೂತ ಕಿಟಕಿಯೂ ಪೂರ್ತಿ ಕಿಟಕಿಯೂ ಒಂದರಲ್ಲಿ ‘ಸಮ’, ಇನ್ನೊಂದರಲ್ಲಿ ‘ಸಮ ಅಲ್ಲ’. ಎರಡೂ ಪುಟಕ್ಕೆ ತಮ್ಮ ಜಾಗ ಯಾವುದು ಅಂತ ತಾವೇ ಹುಡುಕಿಕೊಳ್ಳೋ ಪಾಡು.

ಚಿಕ್ಕಪ್ಪ: ನೋಫ್ರೇಮ್ಸ್ ವಾಕ್ಯದ ವಿಷಯ ಬಿಟ್ಟೆ.

ಮಗಳು: ಅದ್ಯಾವುದು?

ಚಿಕ್ಕಪ್ಪ: ಇದೇ ಇಂಡೆಕ್ಸ್ ಫೈಲಿನ ಕೊನೆಗೆ ನೋಡು. ಈ ಪುಟದಲ್ಲಿ ಫ್ರೇಮುಗಳಿವೆ, ಆದರೆ ನಿಮ್ಮ ಬ್ರೌಸರಿಗೆ ಅವು ತಿಳಿಯವು, ಅಂತ ಇಂಗ್ಲಿಷಿನಲ್ಲಿ ಒಂದು ವಾಕ್ಯ ಇದೆ. ಫ್ರಂಟ್‌ಪೇಜ್ ತಾನೇ ಬರೆದು ಹಾಕೋ ವಾಕ್ಯ ಅದು. ಫ್ರೇಮ್ ಗೊತ್ತಿಲ್ಲದ ಹಳೇ ಬ್ರೌಸರಿಗೆ ಏನು ತೋರಿಸಬೇಕು ಅಂತ ನಾವೇ ಬರೀಬೇಕಾದ ಜಾಗ. ಬರೆದವರು ಕಮ್ಮಿ. ಸರ್ಚ್ ಎಂಜಿನ್ನಿಗೆ ಮುಖಪುಟದಲ್ಲಿ ಓದೋಕೆ ಸಿಗ್ತಾ ಇದ್ದದ್ದು ಅದೊಂದೇ ವಾಕ್ಯ. ಹಾಗಾಗಿ ಎಷ್ಟೋ ಸಂಸ್ಥೆಗಳನ್ನ ಹುಡುಕಿದ್ರೆ, ಹೆಸರಿನ ಕೆಳಗೆ ಪರಿಚಯದ ಜಾಗದಲ್ಲಿ ಆ ವಾಕ್ಯವೇ ಬರ್ತಿತ್ತು.

ಮಗಳು: ಕಣ್ಣು ಕಾಣದವರು ಬಳಸೋ ಸ್ಕ್ರೀನ್ ರೀಡರಿಗೂ ಇದೇ ಫಜೀತಿ ಇದ್ದಿರಬೇಕು. 1999ರಲ್ಲಿ ಬಂದ, ವೆಬ್ ಎಲ್ಲರಿಗೂ ಎಟುಕಬೇಕು ಅನ್ನೋ ಮೊದಲ ಡಬ್ಲ್ಯುಸಿಎಜಿ ನಿಯಮಗಳಲ್ಲೇ ಪ್ರತಿ ಫ್ರೇಮಿಗೂ ಶೀರ್ಷಿಕೆ ಕೊಡಿ ಅಂತಿದೆ. ಶೀರ್ಷಿಕೆ ಇಲ್ಲದಿದ್ರೆ ಯಾವ ಖಾನೆ ಮೆನು, ಯಾವುದು ವಿಷಯ ಅಂತ ಅವರಿಗೆ ತಿಳಿಯೋದಾದ್ರೂ ಹೇಗೆ? ಈ ಸೈಟಿನ ಫ್ರೇಮಿಗೆ ಶೀರ್ಷಿಕೆ ಇಲ್ಲ.

ಚಿಕ್ಕಪ್ಪ: ಕನ್ನಡದ ಕಷ್ಟ ಇನ್ನೊಂದು ಬಗೆ. ಆಗ ಯೂನಿಕೋಡ್ ಬಳಕೆಗೆ ಬಂದಿರಲಿಲ್ಲ. ಕನ್ನಡ ಅಕ್ಷರಗಳನ್ನ ರೋಮನ್ ಅಕ್ಷರದ ಜಾಗದಲ್ಲಿ ಕೂರಿಸಿದ ಫಾಂಟು. ಓದೋರ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಬೇಕು, ಇಲ್ಲ ಪುಟದ ಜೊತೆಗೇ ಡೈನಾಮಿಕ್ ಫಾಂಟ್ ಇಳಿಯೋ ಹಾಗೆ ಮಾಡಬೇಕು. ನೆಟ್‌ಸ್ಕೇಪಿಗೆ ಒಂದು ಬಗೆ, ಎಕ್ಸ್‌ಪ್ಲೋರರಿಗೆ ಇನ್ನೊಂದು ಬಗೆ. ಫ್ರೇಮಿನ ಪ್ರತಿ ಖಾನೆಯೂ ಬೇರೆ ಬೇರೆ ದಾಖಲೆ ಆದ್ದರಿಂದ ಪ್ರತಿಯೊಂದಕ್ಕೂ ಬೇರೆಯಾಗಿ ಫಾಂಟ್ ಕಟ್ಟಬೇಕು. ಒಂದರಲ್ಲಿ ಬಿಟ್ಟುಹೋದ್ರೆ ಬಲಗಡೆ ಅಚ್ಚುಕಟ್ಟಾದ ಕನ್ನಡ, ಎಡಗಡೆ ಅರ್ಥವಿಲ್ಲದ ರೋಮನ್ ಅಕ್ಷರದ ರಾಶಿ. ಅದಕ್ಕೇ ಈ ಸೈಟಿನ ಮೆನುವಿನಲ್ಲಿ ‘ಗ್ರಂಥಾಲಯ’, ‘ವಿದ್ಯಾರ್ಥಿನಿಲಯ’ ಅನ್ನೋದೆಲ್ಲ ಅಕ್ಷರವಲ್ಲ, ಚಿತ್ರ. ಫಾಂಟಿನ ಗೊಡವೆಯೇ ಬೇಡ ಅಂತ.

ಮಗಳು: ಅದಕ್ಕೇ ಕಾಪಿ ಮಾಡೋಕೆ ಬರ್ತಾ ಇಲ್ಲ! ನಾನೇ ಕೂತು ಟೈಪ್ ಮಾಡಬೇಕು. ಆಗಲಿ. ಈಗ ನೀವು ಗುರುತು ತಪ್ತಾ ಇರಲಿಲ್ಲ ಅಂದಿರಲ್ಲ, ಅಲ್ಲಿಗೆ ಬರ್ತೀನಿ. ಸೈಟಿನ ಒಳಗೆ ಓಡಾಡೋ ತನಕ ಗುರುತು ತಪ್ಪಲ್ಲ, ನಿಜ. ಸೈಟಿನಿಂದ ಹೊರಗೆ ಕಾಲಿಟ್ಟ ಕೂಡಲೇ, ಅಂದ್ರೆ ಇನ್ನೊಬ್ಬರಿಗೆ ಹೇಳಬೇಕು, ನಾಳೆ ಮತ್ತೆ ಬರಬೇಕು, ಅಚ್ಚು ಹಾಕಬೇಕು ಅಂದಾಗ, ಗುರುತೇ ಇಲ್ಲ. ನನ್ನ ಪ್ರಕಾರ ಯಾವುದನ್ನ ಒಬ್ಬರು ಇನ್ನೊಬ್ಬರಿಗೆ ಬೊಟ್ಟು ಮಾಡಿ ತೋರಿಸಬಹುದೋ ಅದಕ್ಕೆ ಅದರದೇ ವಿಳಾಸ ಇರಬೇಕು. ಸಿಲಬಸ್ಸನ್ನ ತೋರಿಸ್ತಾರೆ, ಟೈಮ್‌ಟೇಬಲ್ಲನ್ನ ತೋರಿಸ್ತಾರೆ. ಬರೀ ಮೆನುವನ್ನ ಯಾರೂ ಯಾರಿಗೂ ತೋರಿಸಲ್ಲ. ಆದ್ರೂ ಫ್ರೇಮಿನಲ್ಲಿ ಮೆನುವಿಗೆ ತನ್ನದೇ ಫೈಲು, ತನ್ನದೇ ವಿಳಾಸ. ಸಿಲಬಸ್ಸಿಗೆ ವಿಳಾಸ ಇದ್ದೂ ಕಾಣಲ್ಲ.

ಚಿಕ್ಕಪ್ಪ: ವಾದ ಚೆನ್ನಾಗಿದೆ. ಆದ್ರೆ ಒಂದು ಕಡೆ ಬರೆದು ಎಲ್ಲಾ ಕಡೆ ಕಾಣಿಸಬೇಕು ಅನ್ನೋ ಆಸೆ ತಪ್ಪು ಅಂತ ಹೇಳಬೇಡ.

ಮಗಳು: ಅದು ತಪ್ಪಲ್ಲ. ಇವತ್ತು ವರ್ಡ್‌ಪ್ರೆಸ್ಸಿನಲ್ಲಿ ನಾನು ಮಾಡೋದೂ ಅದನ್ನೇ. ಹೆಡರ್ ಒಂದು ಟೆಂಪ್ಲೇಟ್ ಪಾರ್ಟ್, ಫುಟರ್ ಇನ್ನೊಂದು. ಪ್ಲೇಸ್‌ಮೆಂಟ್ ಸೆಲ್ ಅಂತ ಒಂದೇ ಕಡೆ ಸೇರಿಸ್ತೀನಿ, ಅರವತ್ತು ಪುಟದಲ್ಲೂ ಬರುತ್ತೆ. ಭಾಗ ಮಾಡಿರೋದು ನನ್ನ ಕಡೆ. ಓದೋರು ವಿಳಾಸ ಕೇಳಿದಾಗ ಸರ್ವರು ತುಂಡುಗಳನ್ನ ಸೇರಿಸಿ ಇಡೀ ಪುಟವಾಗಿ ಕಳಿಸುತ್ತೆ. ಅವರ ಕೈಗೆ ಹೋಗೋದು ಒಂದು ಫೈಲು, ಒಂದು ವಿಳಾಸ.

ಚಿಕ್ಕಪ್ಪ: ತರಕಾರಿ ಹೆಚ್ಚೋದು ಅಡುಗೆಮನೆ ಕೆಲಸ, ಊಟಕ್ಕೆ ಕೂತವರ ಕೈಗೆ ಈಳಿಗೆಮಣೆ ಕೊಡಬಾರದು ಅಂತೀಯ.

ಮಗಳು: ಅದೇ. ಮೆನು ಕದಲಬಾರದು ಅನ್ನೋದಕ್ಕೂ ಈಗ ಫ್ರೇಮ್ ಬೇಡ. ಸಿಎಸ್‌ಎಸ್‌ನಲ್ಲಿ ಒಂದು ಸಾಲು ಬರೆದ್ರೆ ಉಳಿದದ್ದು ಸರಿದ್ರೂ ಮೆನು ನಿಂತಲ್ಲೇ ನಿಲ್ಲುತ್ತೆ. ಪುಟವನ್ನ ಅಡ್ಡ ಉದ್ದ ಹಂಚೋಕೆ ಗ್ರಿಡ್ ಇದೆ, 2017ರಿಂದ ಎಲ್ಲಾ ದೊಡ್ಡ ಬ್ರೌಸರಿನಲ್ಲೂ ನಡೆಯುತ್ತೆ. ನಿಮ್ಮ 150 ಪಿಕ್ಸೆಲ್ಲಿನ ಎಡ ಖಾನೆ ನನ್ನ ಹತ್ರವೂ ಇದೆ. ಆದ್ರೆ ಅದು ಲ್ಯಾಪ್‌ಟಾಪಿನಲ್ಲಿ ಮಾತ್ರ. ಫೋನಿನಲ್ಲಿ ಅದೇ ಮೆನು ಮೇಲಕ್ಕೆ ಹೋಗಿ ಮಡಚಿಕೊಳ್ಳುತ್ತೆ. ಫ್ರೇಮಾಗಿದ್ರೆ 320 ಪಿಕ್ಸೆಲ್ ಅಗಲದ ಫೋನಿನಲ್ಲಿ 150 ಮೆನುವಿಗೇ ಹೋಗಿ, ಸಿಲಬಸ್ಸಿಗೆ ಉಳಿಯೋದು 170.

ಚಿಕ್ಕಪ್ಪ: ಫ್ರೇಮ್ ಪೂರ್ತಿ ಹೋಯ್ತು ಅನ್ನು.

ಮಗಳು: 2014ರ ಎಚ್‌ಟಿಎಂಎಲ್5ರಲ್ಲಿ ಫ್ರೇಮ್, ಫ್ರೇಮ್‌ಸೆಟ್, ನೋಫ್ರೇಮ್ಸ್ ಮೂರನ್ನೂ ಹೊಸ ಪುಟದಲ್ಲಿ ಬಳಸಕೂಡದು ಅಂತ ಬರೆದ್ರು. ಆದ್ರೂ ಬ್ರೌಸರುಗಳು ಹಳೇದನ್ನ ತೋರಿಸ್ತಾನೇ ಇವೆ, ನೀವು ಕಟ್ಟಿದ್ದು ಈಗಲೂ ತೆರೀತಾ ಇರೋದು ಅದಕ್ಕೇ. ನಿಧಾನಕ್ಕೆ ಹೋಗಿದ್ದು ಅಂದ್ರೆ ಜಾವಾಡಾಕ್, ಜಾವಾ ಕೋಡಿನ ವಿವರಣೆ ಪುಟಗಳು. ಜಾವಾ ಕಲಿಯೋರೆಲ್ಲ ನೋಡಿರ್ತಾರೆ: ಎಡಗಡೆ ಮೇಲೆ ಪ್ಯಾಕೇಜುಗಳ ಪಟ್ಟಿ, ಅದರ ಕೆಳಗೆ ಕ್ಲಾಸುಗಳ ಪಟ್ಟಿ, ಬಲಗಡೆ ವಿವರ. ಮೇಲೆ ‘ಫ್ರೇಮ್ಸ್’, ‘ನೋ ಫ್ರೇಮ್ಸ್’ ಅಂತ ಎರಡು ಲಿಂಕು. ಜೆಡಿಕೆ 13ರಲ್ಲಿ ಫ್ರೇಮನ್ನ ತೆಗೆದೇಬಿಟ್ರು.

ಚಿಕ್ಕಪ್ಪ: ಅದು ಹೋಗಿದ್ದಕ್ಕೆ ನನಗೆ ಬೇಜಾರಿದೆ ಕಣೆ. ಸಾವಿರಗಟ್ಟಲೆ ಕ್ಲಾಸಿರೋ ಕಡೆ ಪಟ್ಟಿ ಒಂದು ಕಡೆ ನಿಂತು, ವಿವರ ಇನ್ನೊಂದು ಕಡೆ ಬದಲಾಗ್ತಾ ಹೋದ್ರೆ ಅದಕ್ಕಿಂತ ಅನುಕೂಲ ಇನ್ನೇನಿದೆ? ವಿಳಾಸದ ತೊಂದರೆಗೂ ಜಾವಾಡಾಕಿನವರು ಉಪಾಯ ಮಾಡಿದ್ರು. ಇಂಡೆಕ್ಸ್ ಫೈಲಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕ್ಲಾಸಿನ ಹೆಸರು ಬರೆದ್ರೆ ಮೂರು ಖಾನೆಯೂ ತೆರೆದು ಬಲಗಡೆ ಅದೇ ಕ್ಲಾಸು ಬರೋದು. ಅಂದ್ರೆ ಹಂಚಿದ್ದೇ ದೋಷ ಅಲ್ಲ.

ಮಗಳು: ಅಲ್ಲ, ಒಪ್ತೀನಿ. ಹಂಚಿಯೂ ವಿಳಾಸ ಉಳಿಸಿಕೊಂಡ್ರೆ ತಕರಾರಿಲ್ಲ.

ಚಿಕ್ಕಪ್ಪ: ಹಾಗಾದ್ರೆ ನಿಮ್ಮ ಈಗಿನ ಸೈಟುಗಳ ಮೇಲೆ ನನ್ನದೊಂದು ತಕರಾರಿದೆ. ಫ್ರೇಮ್ ಇಲ್ಲ, ಪುಟ ಒಂದೇ. ಒಳಗೆ ಜಾವಾಸ್ಕ್ರಿಪ್ಟ್ ಬರೀ ನಡುವಿನ ಭಾಗವನ್ನ ಬದಲಾಯಿಸ್ತಾ ಹೋಗುತ್ತೆ, ಮೇಲಿನ ವಿಳಾಸ ಎಷ್ಟೋ ಕಡೆ ಇದ್ದ ಹಾಗೇ ಇರುತ್ತೆ. ಮೊನ್ನೆ ಯಾವುದೋ ಅರ್ಜಿ ತುಂಬ್ತಾ ಬ್ಯಾಕ್ ಒತ್ತಿದೆ, ಲಾಗಿನ್ ಪುಟಕ್ಕೆ ಹೋಗಿ ಬಿದ್ದೆ. ನೆಟ್‌ಸ್ಕೇಪ್ 2 ನೆನಪಾಯ್ತು.

ಮಗಳು: ನಮ್ಮ ಕಾಲದಲ್ಲಿ ಅದೇ ಕಾಯಿಲೆ ಬೇರೆ ಹೆಸರಲ್ಲಿ ಬಂತು, ಸುಳ್ಳಲ್ಲ. ಅಜಾಕ್ಸ್ ಬಂದ ಹೊಸದರಲ್ಲಿ ಎಲ್ಲರೂ ಇದನ್ನೇ ಮಾಡಿದ್ರು. ಆಮೇಲೆ ವಿಳಾಸದ ಕೊನೆಗೆ ಹ್ಯಾಶ್ ಹಾಕಿ ಜಾಗ ಗುರುತಿಸೋದು ಬಂತು, ಅದಾದ ಮೇಲೆ ‘ಪುಶ್‌ಸ್ಟೇಟ್’. ಪುಟ ಪೂರ್ತಿ ಹೊಸದಾಗಿ ಇಳಿಯದೇ ಇದ್ರೂ ವಿಳಾಸ ಬದಲಾಯಿಸಬಹುದು, ಬ್ಯಾಕ್ ಗುಂಡಿ ಸರಿಯಾಗಿ ನಡೆಯೋ ಹಾಗೂ ಮಾಡಬಹುದು. ಮದ್ದಿದೆ. ಎಲ್ಲರೂ ಹಾಕಲ್ಲ, ಅಷ್ಟೇ.

ಚಿಕ್ಕಪ್ಪ: ಐಫ್ರೇಮಿನ ಕತೆ ಏನು? ಅದು ಬದುಕೇ ಇದೆಯಲ್ಲ.

ಮಗಳು: ಬದುಕಿದೆ, ಬೇಕೂ ಬೇಕು. ಯೂಟ್ಯೂಬ್ ವಿಡಿಯೋ, ಗೂಗಲ್ ಮ್ಯಾಪ್ ನಮ್ಮ ಪುಟದಲ್ಲಿ ಕೂರೋದು ಐಫ್ರೇಮಿನಲ್ಲೇ. ಅದು ನಿಜಕ್ಕೂ ಇನ್ನೊಬ್ಬರ ವಸ್ತು, ಅವರ ಮನೆಯಿಂದಲೇ ಬರಬೇಕು, ನಮ್ಮ ಕೋಡ್ ಅದನ್ನ ಮುಟ್ಟಬಾರದು, ಅದರ ಕೋಡ್ ನಮ್ಮ ಪುಟವನ್ನ ಮುಟ್ಟಬಾರದು. ಅಂಥ ಕಡೆ ಗೋಡೆ ಇರಬೇಕು, ಐಫ್ರೇಮ್ ಆ ಗೋಡೆ. ನಮ್ಮದೇ ಮೆನುವಿಗೂ ನಮ್ಮದೇ ಸಿಲಬಸ್ಸಿಗೂ ನಡುವೆ ಯಾಕೆ ಗೋಡೆ?

ಚಿಕ್ಕಪ್ಪ: ಗೂಗಲ್ ಸೈಟ್ಸಿನಲ್ಲಿ ನಾನು ಒಂದು ಬ್ಯಾಂಕಿನ ಪುಟ ಎಂಬೆಡ್ ಮಾಡೋಕೆ ನೋಡಿದೆ. ಬರಲೇ ಇಲ್ಲ.

ಮಗಳು: ಬರಬಾರದು. 2008ರಲ್ಲಿ ಕ್ಲಿಕ್‌ಜ್ಯಾಕಿಂಗ್ ಅನ್ನೋ ಮೋಸ ಬೆಳಕಿಗೆ ಬಂತು. ಒಳ್ಳೇ ಸೈಟನ್ನ ಐಫ್ರೇಮಿನಲ್ಲಿ ತಂದು, ಅದು ಕಾಣದ ಹಾಗೆ ಪಾರದರ್ಶಕ ಮಾಡಿ, ಕೆಳಗೆ ಬೇರೆ ಏನೋ ಆಸೆ ತೋರಿಸೋ ಗುಂಡಿ ಇಡೋದು. ನೀವು ಬಹುಮಾನ ಅಂತ ಒತ್ತಿದ್ದು ನಿಜವಾಗಿ ಬೀಳೋದು ಮೇಲಿರೋ ಕಾಣದ ಸೈಟಿನ ‘ಒಪ್ಪಿದೆ’ ಗುಂಡಿ ಮೇಲೆ. ಅದಾದ ಮೇಲೆ ನನ್ನ ಪುಟವನ್ನ ಯಾರೂ ಫ್ರೇಮಿನಲ್ಲಿ ಕೂರಿಸಬೇಡಿ ಅಂತ ಸರ್ವರೇ ಹೇಳೋ ವ್ಯವಸ್ಥೆ ಬಂತು. 2009ರ ಎಕ್ಸ್‌ಪ್ಲೋರರ್ 8ರಲ್ಲಿ ಬಂದ ‘ಎಕ್ಸ್-ಫ್ರೇಮ್-ಆಪ್ಶನ್ಸ್’ ಅದೇ. ಜಾವಾಸ್ಕ್ರಿಪ್ಟ್ ಸಾಲು ಬರೆದು ಹೊರಗೆ ಓಡೋ ಅಗತ್ಯ ಇಲ್ಲ, ಬ್ರೌಸರೇ ತಡೆಯುತ್ತೆ.

ಚಿಕ್ಕಪ್ಪ: ಆದ್ರೆ ಏನೋ ಕೊಂಡುಕೊಳ್ಳೋವಾಗ ಓಟಿಪಿ ಕೇಳೋ ಖಾನೆ ಕೆಲವು ಕಡೆ ಅಂಗಡಿ ಪುಟದ ನಡುವೆಯೇ ತೆರೆಯುತ್ತೆ. ಮೇಲೆ ಅಂಗಡಿ ವಿಳಾಸ, ನಡುವೆ ಬ್ಯಾಂಕಿನ ಲಾಂಛನ. ಬ್ಯಾಂಕಿನದೇ ಅಂತ ನಂಬೋದು ಹೇಗೆ?

ಮಗಳು: ಕಣ್ಣಿಂದ ನೋಡಿ ಹೇಳೋಕೆ ಆಗಲ್ಲ. ಅದೇ ನೋಡಿ, ಸಿಲಬಸ್ಸಿನಲ್ಲಿ ವಿಳಾಸ ಕಾಣದೇ ಇದ್ರೆ ಬರೀ ಕಿರಿಕಿರಿ. ದುಡ್ಡಿನ ಜಾಗದಲ್ಲಿ ಕಾಣದೇ ಇದ್ರೆ ಅಪಾಯ.

ಚಿಕ್ಕಪ್ಪ: ಸರಿ, ಈ ಅರವತ್ತು ಪುಟಕ್ಕೆ ಏನು ಮಾಡ್ತೀಯ?

ಮಗಳು: ಬ್ಯಾನರು, ಮೆನು ಎರಡೂ ಫೈಲ್ ಹೋಗುತ್ತೆ, ಟೆಂಪ್ಲೇಟಿಗೆ ಸೇರುತ್ತೆ. ಒಳಪುಟ ಒಂದೊಂದೂ ಪೂರ್ತಿ ಪುಟ ಆಗುತ್ತೆ. ಮೆನುವಿನ ಚಿತ್ರಗಳ ಬದಲು ಯೂನಿಕೋಡ್ ಕನ್ನಡ ಅಕ್ಷರ. ಹಳೇ ಫಾಂಟಿನಲ್ಲಿರೋ ಪಠ್ಯವನ್ನ ಪರಿವರ್ತಕಕ್ಕೆ ಹಾಕಿ, ಒತ್ತಕ್ಷರ ತಪ್ಪಿದ ಕಡೆ ಕಣ್ಣಿಟ್ಟು ತಿದ್ದಬೇಕು. ಸಂಪರ್ಕ ಪುಟದಲ್ಲಿ ಮ್ಯಾಪ್ ಇರುತ್ತೆ, ಸೈಟಿನಲ್ಲಿ ಉಳಿಯೋ ಐಫ್ರೇಮ್ ಅದೊಂದೇ, ಅದಕ್ಕೆ ಶೀರ್ಷಿಕೆ ಕೊಡ್ತೀನಿ.

ಚಿಕ್ಕಪ್ಪ: ಹಳೇ ಫೈಲಿನ ಹೆಸರು ಬದಲಾಯಿಸಬೇಡ. ಎಲ್ಲಿ ಯಾರು ಲಿಂಕ್ ಕೊಟ್ಟಿದ್ದಾರೋ ಯಾರಿಗೆ ಗೊತ್ತು.

ಮಗಳು: ಹೆಸರು ಬದಲಾದ್ರೂ ಹಳೇ ವಿಳಾಸ ಕೇಳಿದವರನ್ನ ಹೊಸದಕ್ಕೆ ಕಳಿಸೋ ಹಾಗೆ 301 ರೀಡೈರೆಕ್ಟ್ ಹಾಕ್ತೀನಿ. ಹಳೇ ಸಿಲಬಸ್ಸಿನ ವಿಳಾಸ ಕೇಳಿದವರು ಹೊಸ ಸಿಲಬಸ್ಸಿಗೇ ಹೋಗ್ತಾರೆ, ಮುಖಪುಟಕ್ಕಲ್ಲ.

ಚಿಕ್ಕಪ್ಪ: ಕೆಲಸ ಮುಗೀತು ಅಂತ ಕಾಲೇಜಿನವರಿಗೆ ಹೇಳೋ ಮೊದಲು ಒಂದು ಪರೀಕ್ಷೆ ಮಾಡು. ಮೆನು ಒತ್ತುತ್ತಾ ಮೂರು ಹೆಜ್ಜೆ ಒಳಗೆ ಹೋಗು. ಅಲ್ಲಿನ ವಿಳಾಸ ಕಾಪಿ ಮಾಡಿ ಸೈಟನ್ನ ಎಂದೂ ನೋಡದವರ ಫೋನಿಗೆ ಕಳಿಸು. ನೀನು ನೋಡಿದ್ದೇ ಅವರಿಗೂ ಕಂಡು, ಅಲ್ಲಿಂದ ಮುಖಪುಟಕ್ಕೆ ದಾರಿಯೂ ಸಿಕ್ಕಿ, ಬ್ಯಾಕ್ ಒತ್ತಿದ್ರೆ ಹಿಂದಿನ ಹೆಜ್ಜೆಗೇ ಬಂದ್ರೆ ಪಾಸು.

ಮಗಳು: ನೀವು ಆಗ ಆ ಪರೀಕ್ಷೆ ಮಾಡ್ತಿದ್ರಾ?

ಚಿಕ್ಕಪ್ಪ: ಆಗ ನಮ್ಮ ಪರೀಕ್ಷೆ ಬೇರೆ ಇತ್ತು. ಪ್ರಿನ್ಸಿಪಾಲರ ಕೊಠಡಿಯ ಕಂಪ್ಯೂಟರಿನಲ್ಲಿ ಮೆನು ಒತ್ತಿದ್ರೆ ಎರಡು ಸೆಕೆಂಡಿನಲ್ಲಿ ಪುಟ ಬರಬೇಕು. ಅದರಲ್ಲಿ ಫ್ರೇಮಿಗೆ ನೂರಕ್ಕೆ ನೂರು. ಅದಿರಲಿ, ಮೂರು ಹೆಜ್ಜೆ ಪರೀಕ್ಷೆಯನ್ನ ನಿಮ್ಮ ಕಂಪನಿ ಸೈಟಿನ ಮೇಲೂ ಒಂದು ಸಲ ಮಾಡಿ ನೋಡು. ಎಷ್ಟು ಬಂತು ಅಂತ ನನಗೆ ಹೇಳು.